ಹೊಳೆಯುತ್ತಿದ್ದ ಉಕ್ಕಿನ ತುಂಡುಗಳು

ಹನ್ನೊಂದನೇ ತಾರೀಖು ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಎಷ್ಟು ಹೇಳಿದರೂ ಕೂರಲಿಲ್ಲ. ಕಾರ್ಖಾನೆಯಲ್ಲಿ ಹಬೆಯ ವಾಲ್ವ್ ಸಿಡಿದು ಅವಳ ಗಂಡ ಸತ್ತು ಒಂಬತ್ತು ದಿನವಾಗಿತ್ತು.

"ವಾಲ್ವ್ ತಿರುಗಿಸಿದ್ದರಲ್ಲಿ ಅವರದ್ದೇ ತಪ್ಪು ಅಂತ ಕಾರ್ಖಾನೆಯವರು ಕಾಗದ ಕಳಿಸಿದ್ದಾರೆ ಸಾರ್. ಮಗಳು ಓದಿಬಿಟ್ಟಳು. ಅಪ್ಪ ಹಾಗೆ ಮಾಡಿದ್ರಾ ಅಂತ ಕೇಳ್ತಾಳೆ. ಏನು ಹೇಳ್ಲಿ?"

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ವಾಲ್ವ್ ಮಾಡುವ ಮುಂಚೆ ಅದರ ಉಕ್ಕನ್ನು ಪರೀಕ್ಷಿಸಿದ್ದ ಪ್ರಯೋಗಾಲಯದಲ್ಲಿ ಮರುದಿನ 11.45ಕ್ಕೆ ಪಂಚನಾಮೆ ನಡೆಯಿತು. ಬೆರಳುದ್ದದ ತುಂಡನ್ನು ಕುಲುಮೆಯಲ್ಲಿ ಐನೂರು ಡಿಗ್ರಿಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಯಂತ್ರದ ಪೀಠದ ಮೇಲಿಟ್ಟು, ಐದು ಸೆಕೆಂಡಿನೊಳಗೆ ತೂಗು ಸುತ್ತಿಗೆಯಿಂದ ಹೊಡೆದು, ಮುರಿಯಲು ಎಷ್ಟು ಬಲ ಬೇಕಾಯಿತೆಂದು ಅಳೆಯಬೇಕು. ತಡವಾದರೆ ತುಂಡು ಆರುತ್ತದೆ, ಪರೀಕ್ಷೆ ಲೆಕ್ಕಕ್ಕಿಲ್ಲ. ಮೂರೂ ತುಂಡು ತೇರ್ಗಡೆ ಎಂಬ ವರದಿಗೆ ಹಿರಿಯ ಪರೀಕ್ಷಕರ ಸಹಿಯಿತ್ತು.

ಮಹಿಳಾ ಕಾನ್‌ಸ್ಟೆಬಲ್ ಮುರಿದ ತುಂಡುಗಳ ಪೊಟ್ಟಣ ಬಿಚ್ಚಿದಳು.

"ಸಾರ್, ಇವು ಕುಲುಮೆಯ ಮುಖಾನೇ ನೋಡಿಲ್ಲ."

"ನಿಂಗೆ ಹೇಗಮ್ಮ ಗೊತ್ತು?"

"ನಮ್ಮಪ್ಪ ವೆಲ್ಡರ್. ಕಾದ ಉಕ್ಕು ನೀಲಿಗಟ್ಟುತ್ತೆ. ಇವು ಹೊಸ ಚಮಚದ ಥರ ಹೊಳೀತಿವೆ."

ಹದಿನಾಲ್ಕರಂದು ಬೇರೊಂದು ಪ್ರಯೋಗಾಲಯದಲ್ಲಿ ಅದೇ ಉಕ್ಕಿನ ಹೊಸ ತುಂಡುಗಳನ್ನು ಹೊಡೆದು ನೋಡಿದರು. ತಣ್ಣಗಿದ್ದಾಗ ಬಲವಾದ ಏಟಿಗಷ್ಟೇ ಮುರಿದ ಉಕ್ಕು ಕಾದಾಗ ಬಿಸ್ಕತ್ತಿನಂತೆ ಮುರಿಯಿತು.

ಮರುದಿನ ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಆ ಹಿರಿಯ ಪರೀಕ್ಷಕರನ್ನು ಠಾಣೆಗೆ ಕರೆಸಿ ಕೂರಿಸಿಕೊಂಡರು.

"ಕುಲುಮೆ ಕೆಟ್ಟಿತ್ತಾ?"

"ಇಲ್ಲ."

"ಯಾರ ಮಾತು ಕೇಳಿ ಮಾಡಿದ್ರಿ?"

"ಯಾರದ್ದೂ ಇಲ್ಲ."

ಕಾನ್‌ಸ್ಟೆಬಲ್ ನೀರು ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದರೂ ಲೋಟದ ನೀರು ಅವರ ಅಂಗಿಯ ಮೇಲೆ ಚೆಲ್ಲಿತು.

"ವರ್ಷದಿಂದ ಹೀಗೇ. ತುಂಡು ಇಕ್ಕಳದಿಂದ ಜಾರುತ್ತೆ. ಎತ್ತಿ ಇಡೋಷ್ಟರಲ್ಲಿ ಎಂಟು ಸೆಕೆಂಡ್, ಒಂಬತ್ತು. ತಣ್ಣಗಿದ್ರೆ ನಿಧಾನಕ್ಕೆ ಇಡಬಹುದಲ್ಲ."

"ಇನ್ನೊಬ್ಬರ ಕೈಲಿ ಮಾಡಿಸಬಹುದಿತ್ತು, ಯಜಮಾನ್ರೇ."

"ಅಲ್ಲಿರೋರಿಗೆಲ್ಲ ಇಕ್ಕಳ ಹಿಡಿಯೋದು ಹೇಳಿಕೊಟ್ಟೋನು ನಾನು. ಯಾರನ್ನ ಕೇಳ್ಲಿ?"

4.10ಕ್ಕೆ ಬಂಧನವಾಯಿತು. ಕೇಸ್ ಡೈರಿಯಲ್ಲಿ ಕಾರಣ ಬರೆಯಬೇಕಾದ ಕಡೆ ಇನ್‌ಸ್ಪೆಕ್ಟರ್, 'ಕೈ ನಡುಗುವುದು ಶಿಷ್ಯರಿಗೆ ತಿಳಿಯಬಾರದೆಂದು' ಎಂದು ಬರೆದರು.

ಆಮೇಲೆ ಆ ಹೆಂಗಸಿಗೆ ಫೋನ್ ಮಾಡಿ, ನಿಮ್ಮ ಯಜಮಾನರದ್ದು ಏನೂ ತಪ್ಪಿಲ್ಲ ಎಂದರು.

ಅತ್ತ ಕಡೆಯಿಂದ ಅವಳು ಕೇಳಿದಳು:

"ಇರಿ ಸಾರ್, ಮಗಳ ಕೈಗೆ ಕೊಡ್ತೀನಿ. ಇದನ್ನೇ ಇನ್ನೊಂದು ಸಲ ಹೇಳ್ತೀರಾ?"