ಬಿಯಾಟ್ರಿಚೆಯಮ್ಮನ ನಿಂಬೆ ಗಿಡ

1996ರ ಜೂನ್ 15, ಶನಿವಾರ. ಬೆಳಿಗ್ಗೆ ಎಂಟೂಕಾಲಿಗೆ ಎಂಜಿನಿಯರ್ ಪಾವ್ಲೊ ಠಾಣೆಗೆ ಬಂದು ದೂರು ಕೊಟ್ಟರು. ಕೊಲ್ಲಿ ನಾಡಿನ ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಅವರ ಕೆಲಸ, ಅಲ್ ಅಜೀಜಿಯಾದಲ್ಲಿ ಮನೆ. ಪತ್ನಿ ಬಿಯಾಟ್ರಿಚೆ ತೀರಿಕೊಂಡು ಮೂರು ತಿಂಗಳಾಗಿತ್ತು. ಆಕೆ ಇಟಲಿಯ ತವರಿನಿಂದ ತಂದು ಬೆಳೆಸಿದ್ದ ನಿಂಬೆ ಗಿಡ ಕುಂಡದ ಸಮೇತ ಕಳುವಾಗಿತ್ತು. ಮಂಗಳವಾರ ಅದು ಹಡಗಿನಲ್ಲಿ ತವರಿಗೆ ಹೋಗಬೇಕಿತ್ತು.

ಕ್ಯಾಪ್ಟನ್ ರಾಶಿದ್ ದೂರು ದಾಖಲಿಸಿಕೊಂಡು, ಠಾಣೆಯ ದುಭಾಷಿ ಉಳ್ಳಾಲದ ಪಕೀರಬ್ಬ ಅವರೊಂದಿಗೆ ಒಂಬತ್ತಕ್ಕೆ ಪಾವ್ಲೊ ಅವರ ಮನೆಗೆ ಹೋದರು.

ಬಿಯಾಟ್ರಿಚೆ ಹಳೆಯ ಜಮೀನ್ದಾರ ಮನೆತನದವರು. ಟಸ್ಕನಿಯ ಹಳ್ಳಿಗಾಡಿನಲ್ಲಿದ್ದ ಅವರ ನಾನೂರು ವರ್ಷದ ಬಂಗಲೆಯ ಚಿತ್ರ ಗೋಡೆಯ ಮೇಲಿತ್ತು. ಕಲ್ಲಿನ ಮೆಟ್ಟಿಲು, ಚೌಕವಾಗಿ ಕತ್ತರಿಸಿದ ಬೇಲಿಗಿಡಗಳು, ಸಾಲಾಗಿ ನಿಂಬೆ ಕುಂಡಗಳು, ಚಳಿಗಾಲದಲ್ಲಿ ಆ ಕುಂಡಗಳನ್ನಿಡುವ ಉದ್ದನೆಯ ಮನೆ. ಇಲ್ಲಿಯ ಮರಳಂಗಳದಲ್ಲಿ ಆಕೆ ಆ ತೋಟವನ್ನೇ ಅಂಗೈಯಗಲ ಮಾಡಿಟ್ಟಿದ್ದರು.

ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಬೀಗ ಒಡೆದಿಲ್ಲ. ಬೆಳ್ಳಿ ಸಾಮಾನು ಮುಟ್ಟಿಲ್ಲ. ಹಡಗಿಗೆಂದು ಹೊರಗಿಟ್ಟಿದ್ದ ನಿಂಬೆ ಕುಂಡದ ಜಾಗದಿಂದ ಗೇಟಿನವರೆಗೆ ಕೈಗಾಡಿಯ ಗುರುತು. ಉಳಿದ ಗಿಡಗಳ ಬುಡ ಇನ್ನೂ ಒದ್ದೆ.

"ನೀರು ಹಾಕಿ ಹೋಗುವ ಕಳ್ಳನನ್ನು ನಾನು ಕಂಡಿಲ್ಲ" ಎಂದರು ಪಕೀರಬ್ಬ.

ತೋಟದ ಕೆಲಸದವನು ಕಲ್ಯಾಣಪುರದ ಫಿಡೆಲಿಸ್. ಅಂದು ಜ್ವರವೆಂದು ಬಂದಿರಲಿಲ್ಲ. ಹತ್ತೂವರೆಗೆ ಅವನ ಬಾಡಿಗೆ ಕೋಣೆಗೆ ಹೋದಾಗ, ಕೋಣೆಯ ಜೊತೆಗಾರ ಸೈಮನ್ ಮೆಟ್ಟಿಲ ಮೇಲೆ ಚಾಪೆ ಹಾಸಿ ಬೆವರುತ್ತ ಮಲಗಿದ್ದ.

"ಒಳಗೆ ಎಸಿ ಇಲ್ವಾ ಮಾರಾಯ?" ಎಂದು ಪಕೀರಬ್ಬ ಕೇಳಿದರು.

"ಉಂಟು ಬ್ಯಾರಿಗಳೇ, ಗಿಡಕ್ಕೆ ಮಾತ್ರ. ನಾವು ಒಳಗಿದ್ರೆ ಕೋಣೆ ಬಿಸಿಯಾಗ್ತದಂತೆ."

ಕಿಟಕಿಯ ಬಳಿ ಕುಂಡವಿತ್ತು. ಫಿಡೆಲಿಸ್ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದ. ಓಡಲಿಲ್ಲ. ಕ್ಯಾಪ್ಟನ್ ಕೇಳಿದ್ದನ್ನು ಪಕೀರಬ್ಬ ಕನ್ನಡದಲ್ಲಿ ಕೇಳಿದರು.

"ಯಾಕೆ ತಂದದ್ದು?"

"ಈ ಬಿಸಿಲಿಗೆ ಹಡಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿದ್ರೆ ಸಾಯ್ತದೆ. ಮೂರು ಸಲ ಹೇಳಿದೆ. ಸಾಹೇಬರು ಖಲಾಸ್, ಮಾತು ಮುಗೀತು ಅಂದ್ರು."

"ಮತ್ತೆ ಏನು ಮಾಡ್ತಿದ್ದೆ?"

"ನವೆಂಬರಿನಲ್ಲಿ ನಾನೇ ತಂದು ಕೊಡ್ತಿದ್ದೆ. ಇಟಲಿಯಲ್ಲಿ ಚಳಿಗೆ ಒಳಗಿಡ್ತಾರೆ, ಇಲ್ಲಿ ಸೆಕೆಗೆ ಒಳಗಿಡು ಅಂತ ಅಮ್ಮನೇ ಕಲಿಸಿದ್ದು."

ಹನ್ನೊಂದಕ್ಕೆ ಅವನನ್ನು ದಸ್ತಗಿರಿ ಮಾಡಿದರು. ಠಾಣೆಯಲ್ಲಿ ಹೇಳಿಕೆಯನ್ನು ಓದಿ ಕೇಳಿಸಿದಾಗ ಪಾವ್ಲೊ, ಗಿಡವನ್ನು ದಿನವೂ ನೋಡಲಾರದೆ ಅವಸರ ಮಾಡಿದೆ ಎಂದು ಒಪ್ಪಿಕೊಂಡರು. ದೂರು ಹಿಂದಕ್ಕೆ ಪಡೆಯುವುದಾಗಿ ಬರೆದುಕೊಟ್ಟು, ನವೆಂಬರಿನವರೆಗೆ ಗಿಡ ಇಲ್ಲೇ ಇರಲಿ ಎಂದರು. ಆದರೂ ಮೇಲಿನ ಆದೇಶ ಬರುವತನಕ ಆರೋಪಿ ಠಾಣೆಯಲ್ಲಿರಬೇಕು, ವಶಪಡಿಸಿಕೊಂಡ ಮಾಲೂ ಇರಬೇಕು. ಫಿಡೆಲಿಸ್ ತನ್ನ ಬಗ್ಗೆ ಏನೂ ಕೇಳಲಿಲ್ಲ. ಮಾಲಿನ ಕೋಣೆಗೆ ಎಸಿ ಉಂಟೇ ಎಂದಷ್ಟೇ ಕೇಳಿದ. ಇರಲಿಲ್ಲ. ಕ್ಯಾಪ್ಟನ್ ಕುಂಡವನ್ನು ತಮ್ಮ ಕೋಣೆಯಲ್ಲೇ ಇರಿಸಿಕೊಂಡರು.

ಪಾವ್ಲೊ ಹೊರಡುವ ಮುನ್ನ ಫಿಡೆಲಿಸ್‌ನ ಪಕ್ಕದಲ್ಲಿ ನಿಂತರು. ಇಬ್ಬರೂ ಶಿಲುಬೆಯ ಗುರುತು ಮಾಡಿಕೊಂಡರು. ಫಿಡೆಲಿಸ್ ಮೆಲ್ಲಗೆ ಪ್ರಾರ್ಥಿಸಿದ:

"ದೇವರೇ, ಅಮ್ಮನಿಗೆ ನಿನ್ನ ನೆರಳಿನಲ್ಲಿ ಜಾಗ ಕೊಡು. ಅವರ ಆತ್ಮಕ್ಕೆ ಶಾಂತಿ ಕೊಡು."