ಸೋಮವಾರದ ಪಾಠ

"ಡಯಾಲಿಸಿಸ್ ವ್ಯಾನು ಇವತ್ತೂ ಕೆಟ್ಟು ನಿಂತಿದೆಯಂತೆ. ಅತ್ತಿಗೆ, ನಿಮ್ಮ ದಮ್ಮಯ್ಯ... ಇದೊಂದು ಸಲ ಅಜ್ಜೀನ ನೀವು ಕರ್ಕೊಂಡು ಹೋಗಿ!"

ಮನೆಯ ಮುಂದಿನ ಕೋಣೆಯಲ್ಲಿ ಗಿರಾಕಿಯ ಜಡೆ ಹೆಣೆಯುತ್ತಿದ್ದ ಅತ್ತಿಗೆ ಲೊರೆಟಾ ತಲೆ ಎತ್ತಲಿಲ್ಲ.

"ಅರ್ಧ ತಲೆ ಕೈಲಿಟ್ಕೊಂಡು ಎಲ್ಲಿಗೆ ಹೋಗ್ಲಿ? ನಿನ್ನಜ್ಜಿ, ನಿನ್ನ ಪಾಡು. ಹೈಸ್ಕೂಲೇ ಮುಗ್ದಿಲ್ಲ, ಆಗ್ಲೇ ಟೀಚರಮ್ಮ ಆಗ್ಬಿಟ್ಟಿದಾಳೆ!"

ಗಿರಾಕಿ ಕಿಸಕ್ಕನೆ ನಕ್ಕಳು. ಹದಿನೇಳರ ಡೆಲ್ಫೀನ್‌ಳ ಕಣ್ಣು ತುಂಬಿ ಬಂತು. ಅಣ್ಣ ನಸುಕಿನಲ್ಲೇ ಮೀನಿನ ಕಾರ್ಖಾನೆಗೆ ಹೋಗಿಯಾಗಿತ್ತು. ಮಿಸಿಸಿಪ್ಪಿಯ ಆ ಪುಟ್ಟ ಊರಿನಲ್ಲಿ, ಶಿಕ್ಷಕರಾಗಬೇಕೆನ್ನುವ ಹೈಸ್ಕೂಲು ಮಕ್ಕಳು ಕಾಲೇಜಿನ ಪಾಠವನ್ನೂ ಜೊತೆಜೊತೆಗೇ ಓದುತ್ತಿದ್ದರು. ಬೆಳಿಗ್ಗೆ ಪ್ರಾಥಮಿಕ ಶಾಲೆಗೆ ಹೋಗಿ ಚಿಕ್ಕವರಿಗೆ ಕಲಿಸಿ ಅಭ್ಯಾಸ ಮಾಡುತ್ತಿದ್ದರು. ಮೂರು ಬೆಳಿಗ್ಗೆ ತಪ್ಪಿದರೆ ಹೆಸರು ತೆಗೆದುಹಾಕುವ ನಿಯಮ. ಕೆಟ್ಟ ವ್ಯಾನಿನಿಂದಾಗಿ ಡೆಲ್ಫೀನ್‌ಗೆ ಎರಡು ಆಗಲೇ ತಪ್ಪಿದ್ದವು. ಇವತ್ತಂತೂ ಕಾಲೇಜಿನ ಮೇಡಂ ಬಂದು ಅವಳ ಪಾಠ ನೋಡುವವರಿದ್ದರು...

ಒಳಗಿನಿಂದ ಓಝೆಲ್ಲಾ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು.

"ಏನೇ ಗಲಾಟೆ? ನನ್ನ ಸರದಿ ನಾಳೆಗೆ ಹಾಕಿದಾರೆ. ಫೋನ್ ಮಾಡಿದ್ರು."

"ಯಾವಾಗ, ಅಜ್ಜಿ?"

"ನೀನು ಸ್ನಾನಕ್ಕೆ ಹೋಗಿದ್ದಾಗ. ಹೊರಡು ಪುಟ್ಟಾ... ಆ ಶಾಲೆ ನೆಲ ಒರೆಸಿ ಒರೆಸೀನೇ ನನ್ನ ಸೊಂಟ ಬಿದ್ದುಹೋಗಿದ್ದು. ಅದರ ಮೇಲೆ ನೀನು ಟೀಚರ್ ಆಗಿ ಟಕಟಕ ಅಂತ ನಡೀಬೇಕು!"

ಡೆಲ್ಫೀನ್ ನೋಡಿದಳು. ಅಜ್ಜಿಯ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಎರಡು ಮಾತಿಗೊಮ್ಮೆ ಉಸಿರು ನಿಲ್ಲುತ್ತಿತ್ತು. ಶುಕ್ರವಾರದ ನಂತರ ಎರಡು ದಿನ ಡಯಾಲಿಸಿಸ್ ಇರುವುದಿಲ್ಲ, ಸೋಮವಾರ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡ ಎಂದು ಕೇಂದ್ರದ ನರ್ಸಮ್ಮ ಹೇಳಿದ್ದು ನೆನಪಿತ್ತು. ಎಲ್ಲವನ್ನೂ ನೋಡಿದಳು... ನೋಡಿಯೂ ನಂಬಿದಳು. ನಂಬಬೇಕೆಂದು ಅವಳಿಗೆ ಅಷ್ಟೊಂದು ಆಸೆಯಿತ್ತು!

ಅಂದಿನ ಪಾಠ ವಾರದ ದಿನಗಳು. ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳು ಕೈಯೆತ್ತಿದಳು.

"ಟೀಚರ್, ಇವತ್ತು ಯಾವ ವಾರ?"

"ಸೋಮ..." ಡೆಲ್ಫೀನ್‌ಗೆ ನರ್ಸಮ್ಮನ ಮಾತು ನೆನಪಾಯಿತು. ಬಾಗಿಲ ಕಡೆ ನೋಡಿದಳು. ಹಿಂದಿನ ಸಾಲಿನಲ್ಲಿ ಮೇಡಂ ಬರೆದುಕೊಳ್ಳುತ್ತಿದ್ದರು. "ಸೋಮವಾರ" ಎಂದು ಮುಗಿಸಿ, ಭಾನುವಾರದವರೆಗೂ ಹೇಳಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಮೇಡಂ ಬೆನ್ನು ತಟ್ಟಿ, "ಪಾಸಾದೆ" ಎಂದರು.

ಮನೆಗೆ ಬಂದಾಗ ಜಗಲಿಯಲ್ಲಿ ಲೊರೆಟಾ ಬಾಚಣಿಗೆ ಹಿಡಿದೇ ನಿಂತಿದ್ದಳು. ಆ ಕಣ್ಣಲ್ಲಿ ನೀರನ್ನು ಡೆಲ್ಫೀನ್ ಕಂಡದ್ದು ಅದೇ ಮೊದಲು.

"ನಾನು ಮುಂದಿನ ಕೋಣೇಲೇ ಇದ್ದೆ ಕಣೇ... ಒಂದ್ಸಲ ಕೂಗಬಾರದಿತ್ತಾ ಮುದುಕಿ? ಒಂದೇ ಒಂದ್ಸಲ!"

ಅಜ್ಜಿ ಕುರ್ಚಿಯಲ್ಲಿ ತಣ್ಣಗಾಗಿದ್ದಳು. ಫೋನು ಬಡಿದುಕೊಳ್ಳುತ್ತಿತ್ತು. ಡೆಲ್ಫೀನ್ ಎತ್ತಿದಳು.

"ಡಯಾಲಿಸಿಸ್ ಕೇಂದ್ರದಿಂದ. ಓಝೆಲ್ಲಾ ಅಮ್ಮ ಇವತ್ತು ಯಾಕೆ ಬರಲಿಲ್ಲ?"

ಅಂತ್ಯಕ್ರಿಯೆ ಮುಗಿದ ಮೇಲೆ ಅಣ್ಣ ಕೇಳಿದ: "ಅಜ್ಜಿ ನಾಳೆ ಅಂದಿದ್ದನ್ನ ನೀನು ನಿಜವಾಗ್ಲೂ ನಂಬಿದ್ಯಾ?"

"ನಂಬಿದ್ದೆ, ಅಣ್ಣಾ." ಅವಳು ನೆಲ ನೋಡುತ್ತ ಹೇಳಿದಳು.

ಮುಂದಿನ ವಾರ ಅದೇ ಹುಡುಗಿ ಮತ್ತೆ ಕೈಯೆತ್ತಿದಳು.

"ಟೀಚರ್, ಇವತ್ತು ಯಾವ ವಾರ?"

"ಸೋಮವಾರ" ಎಂದಳು ಡೆಲ್ಫೀನ್.

ಇಪ್ಪತ್ತು ಎಳೆಯ ದನಿಗಳು ಅದನ್ನೇ ಹೇಳಿದವು. ಅವಳು ಕಣ್ಣು ಒರೆಸಿಕೊಳ್ಳಲು ಬೋರ್ಡಿನ ಕಡೆ ತಿರುಗಿದಳು.

"ಇನ್ನೊಮ್ಮೆ ಹೇಳಿ..."