ನೋವು ನಿಂತ ಹೊತ್ತು

"ಯಾರೂ ಮಾತಾಡಬೇಡಿ!"

ಅತ್ತೆ ಕಣ್ಣು ಮುಚ್ಚಿ, ಸತ್ಯವೇದವನ್ನು, ಆ ಹಳೆಯ ಬೈಬಲನ್ನು, ಎರಡೂ ಅಂಗೈಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡರು. ಮಂಚದ ಮೇಲೆ ಆರು ವರ್ಷದ ಮೊಮ್ಮಗಳು ಮೊಣಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡು ನರಳುತ್ತಿದ್ದಳು. "ಅಪೆಂಡಿಕ್ಸ್ ಇದ್ದ ಹಾಗಿದೆ, ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ಆಪರೇಷನ್ ಬೇಕಾಗುತ್ತೆ" ಎಂದು ಕ್ಲಿನಿಕ್ಕಿನ ಡಾಕ್ಟರಮ್ಮ ಬೆಳಿಗ್ಗೆಯೇ ಹೇಳಿದ್ದರು. ಬಟ್ಟೆ ತೆಗೆದುಕೊಂಡು ಹೊರಡೋಣವೆಂದು ಮನೆಗೆ ಬಂದರೆ, ಅತ್ತೆ ಅಡ್ಡ ನಿಂತರು. ಆ ಮನೆಯಲ್ಲಿ ಅವರು ಪುಸ್ತಕ ತೆರೆದು, ಬಂದ ಪುಟವನ್ನು ದೇವರ ಅಪ್ಪಣೆಯೆಂದು ಓದದೆ ದೊಡ್ಡ ಕೆಲಸಕ್ಕೆ ಯಾರೂ ಹೊಸಿಲು ದಾಟುತ್ತಿರಲಿಲ್ಲ.

ಅಂಗೈ ಸರಿಸಿದೊಡನೆ ಪುಸ್ತಕ ಬಿಚ್ಚಿಕೊಂಡಿತು. ದೇವರಿಗಾಗಿ ಕಾದಿರಬೇಕೆನ್ನುವ ಕೀರ್ತನೆಯ ಪುಟ!

"ನೋಡಿದ್ಯಾ? ಕಾಯಬೇಕಂತೆ. ಕೂಸಿನ ಮೈಗೆ ಚಾಕು ಬೇಡ. ನಾಳೆವರೆಗೂ ಪ್ರಾರ್ಥನೆ ಮಾಡೋಣ."

ಸೊಸೆ ಗಂಡನ ಮುಖ ನೋಡಿದಳು. ಅವನು ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ತಲೆ ತಗ್ಗಿಸಿದ. "ಅಮ್ಮ ಹೇಳಿದ ಮೇಲೆ..."

ಹಾಸ್ಟೆಲಿನಲ್ಲಿ ಬೆಳೆದ ಅನಾಥೆ ಅವಳು. ಮೊಣಕಾಲೂರುವುದು, ಬೇಡುವುದು, ಅಳುವ ನೆರೆಯವಳ ಪಕ್ಕದಲ್ಲಿ ಸುಮ್ಮನೆ ಕೂರುವುದು, ಎಲ್ಲವನ್ನೂ ಅತ್ತೆಯನ್ನು ನೋಡಿಯೇ ಕಲಿತವಳು. ಚರ್ಚಿನ ಅರ್ಧ ಜನ 'ಪ್ರಾರ್ಥನೆಯಮ್ಮ' ಎಂದು ಕರೆಯುವ ಆ ಹೆಂಗಸಿನ ನೆರಳಾಗುವುದಕ್ಕಿಂತ ದೊಡ್ಡ ಆಸೆ ಅವಳಿಗಿರಲಿಲ್ಲ. ಅವಳು ಪುಸ್ತಕ ಹೊಲಿಯುವ ಬೈಂಡಿಂಗ್ ಅಂಗಡಿಯಲ್ಲಿ ಗೆಳತಿಯರು "ಅತ್ತೆಗೆ ಕೆಮ್ಮು ಬಂದ್ರೆ ಔಷಧಿ ನೀನು ಕುಡೀತೀಯಲ್ಲೇ!" ಎಂದು ನಗಾಡುತ್ತಿದ್ದರು. ಅವಳಿಗದು ಹೊಗಳಿಕೆಯಂತೆ ಕೇಳುತ್ತಿತ್ತು. ಆದರೆ ಈಗ ಅವಳ ಕಣ್ಣು ಕೀರ್ತನೆಯ ಮೇಲಿರಲಿಲ್ಲ. ಪುಸ್ತಕದ ಬೆನ್ನಿನ ಮೇಲಿತ್ತು.

"ಅತ್ತೆ... ಇನ್ನೊಂದ್ಸಲ ತೆಗೀರಿ."

"ದೇವರನ್ನೇ ಪರೀಕ್ಷೆ ಮಾಡ್ತೀಯೇನೇ?"

ಅವಳು ಪುಸ್ತಕ ತೆಗೆದುಕೊಂಡು, ಮೇಜಿನ ಮೇಲೆ ನಿಲ್ಲಿಸಿ ಕೈಬಿಟ್ಟಳು. ಅದೇ ಪುಟ. ಮತ್ತೆ ನಿಲ್ಲಿಸಿದಳು. ಮತ್ತೆ ಅದೇ ಪುಟ!

"ಇಲ್ಲಿ ಹೊಲಿಗೆ ಸಡಿಲ ಆಗಿದೆ ಅತ್ತೆ. ಯಾರೋ ಇದೇ ಪುಟ ಬಿಚ್ಚಿಟ್ಟು ಎಷ್ಟೋ ದಿನ ಕೂತಿದಾರೆ. ಯಾರು ಬಿಟ್ರೂ ಇಲ್ಲಿಗೇ ಬೀಳುತ್ತೆ. ದೇವರ ಮಾತು ಸುಳ್ಳು ಅಂತಿಲ್ಲ ನಾನು. ಆದ್ರೆ ಇವತ್ತು ಇದನ್ನ ತೆಗೆದಿದ್ದು ದೇವರಲ್ಲ..."

"ಬಾಯಿ ಮುಚ್ಚು!" ಗಂಡ ಅಬ್ಬರಿಸಿದ.

ಪ್ರಾರ್ಥನೆಗೆಂದು ಬಂದಿದ್ದ ಪಕ್ಕದ ಮನೆಯ ಟೀಚರಕ್ಕ ಕೆನ್ನೆಗೆ ಕೈ ಹಚ್ಚಿದಳು. "ಅಬ್ಬಬ್ಬಾ! ಹತ್ತಿದ ಏಣಿಯನ್ನೇ ಒದೀತಿದೀಯಲ್ಲೇ ಹುಡುಗಿ!"

ಅಷ್ಟರಲ್ಲಿ ನರಳಾಟ ನಿಂತಿತು.

"ಅಮ್ಮಾ... ನೋವು ಹೋಯ್ತು." ಮಗು ಮೆಲ್ಲಗೆ ಕಾಲು ಚಾಚಿತು.

"ಸ್ತೋತ್ರ! ಸ್ತೋತ್ರ!" ಟೀಚರಕ್ಕ ಹಾಡು ಎತ್ತಿಯೇಬಿಟ್ಟಳು. ಗಂಡ ಮೊಣಕಾಲೂರಿ ಬಿಕ್ಕಿದ. ಸೊಸೆಗೆ ನೆಲ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಅಯ್ಯೋ, ಎಂಥ ಮಾತಾಡಿಬಿಟ್ಟೆ! ಅತ್ತೆಯ ಕಾಲಿಗೆ ಬಿದ್ದು ಕ್ಷಮೆ ಕೇಳಬೇಕೆಂದು ತಿರುಗಿದಳು.

ಅತ್ತೆ ಹಾಡುತ್ತಿರಲಿಲ್ಲ. ಅವರ ಅಂಗೈ ಮಗುವಿನ ಹೊಟ್ಟೆಯ ಮೇಲಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹಾಡು ನಿಲ್ಸಿ... ನಿಲ್ಸಿ ಅಂದೆ! ಏಳೋ, ವ್ಯಾನ್ ತೆಗಿ!"

"ಅಮ್ಮಾ, ನೋವು ಹೋಯ್ತಲ್ಲ..."

"ನಿಮ್ಮಣ್ಣನಿಗೂ ಹೋಗಿತ್ತು ಕಣೋ!"

ಮನೆಯ ದೊಡ್ಡ ಮಗ ಎಂಟನೇ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡನೆಂದೇ ಎಲ್ಲರೂ ನಂಬಿದ್ದರು. ಅತ್ತೆ ಮೊಮ್ಮಗಳನ್ನು ಹೊದಿಕೆಯಲ್ಲಿ ಸುತ್ತುತ್ತಲೇ ಮಾತಾಡಿದರು. ಮಾತು ತುಂಡುತುಂಡಾಗಿ ಬಿತ್ತು.

"ಇದೇ ಜಾಗ, ಇದೇ ನೋವು. ಡಾಕ್ಟರು ಕರ್ಕೊಂಡು ಬನ್ನಿ ಅಂದ್ರು, ನಾನು ಈ ಪುಟ ಹಿಡ್ಕೊಂಡು ಕಾದೆ. ನೋವು ನಿಂತಾಗ ಎಲ್ಲರನ್ನೂ ಕರೆದು ಹಾಡಿದೆ... ಹಾಡು ಮುಗಿಯೋ ಹೊತ್ತಿಗೆ ಮೈಯೆಲ್ಲ ಬೆಂಕಿ! ಒಳಗೆ ಒಡೆದಾಗ ಸ್ವಲ್ಪ ಹೊತ್ತು ನೋವು ನಿಲ್ಲಬಹುದು ಅಂತ ಆಮೇಲೆ ಹೇಳಿದ್ರು. ಕಾದಿದ್ದು ತಪ್ಪು ಅಂತ ಒಪ್ಪಿಕೊಂಡ್ರೆ, ಮಗನನ್ನ ನಾನೇ ಕೊಂದ ಹಾಗಾಗ್ತಿತ್ತಲ್ಲ... ಅದಕ್ಕೇ ಈ ಪುಟಾನೇ ಎಲ್ಲರ ತಲೆ ಮೇಲೂ ಹೇರಿದೆ."

"ಅಮ್ಮಾ..." ಟೀಚರಕ್ಕ ಅತ್ತೆಯ ಸೆರಗು ಹಿಡಿದಳು. "ಹಾಗಾದ್ರೆ ನನ್ನ ಮಗಳ ಸಂಬಂಧಕ್ಕೂ ಕಾಯಿರಿ ಅಂದ್ರಲ್ಲ, ಅದು?"

ಅತ್ತೆ ಮೊಮ್ಮಗಳನ್ನು ಸೊಸೆಯ ತೋಳಿಗೆ ಕೊಟ್ಟು ತಿರುಗಿದರು. ಸುಳ್ಳಾಡಿದ್ದರೆ ಅವರ ಹೆಸರು ಉಳಿಯುತ್ತಿತ್ತು.

"ಅದೂ ತಪ್ಪೇ ಕಣಮ್ಮ. ಎಲ್ಲರಿಗೂ ಹೇಳು."

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಹೊರಗಿನ ಬೆಂಚಿನ ಮೇಲೆ ಅತ್ತೆ ಮುದುಡಿ ಕೂತಿದ್ದರು. ಗಂಡ ಗೋಡೆಗೆ ಹಣೆ ಆನಿಸಿ ನಿಂತಿದ್ದ. ಯಾರಾದರೂ ಬಾಗಿಲ ಹತ್ತಿರ ನಡೆದರೆ ಮೂವರೂ ತಲೆ ಎತ್ತಿ ನೋಡುತ್ತಿದ್ದರು.

"ನನಗೆ ಬಾಯೇ ಬರ್ತಿಲ್ಲ ಮಗಳೇ. ನೀನು ಪ್ರಾರ್ಥನೆ ಮಾಡು."

ಸೊಸೆ ಕಣ್ಣು ಮುಚ್ಚಿದಳು. ಅತ್ತೆಯಿಂದ ಕಲಿತ ತುಂಬು ವಾಕ್ಯಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ದೇವರೇ, ನನಗೆ ಭಯ ಆಗ್ತಿದೆ... ನನ್ನ ಮಗು ನನಗೆ ಬೇಕು..." ಅಷ್ಟೇ. ಅತ್ತೆ ಸಣ್ಣ ದನಿಯಲ್ಲಿ "ಆಮೆನ್" ಎಂದರು.

ಕೊನೆಗೆ ಸರ್ಜನ್ ಹೊರಬಂದರು. "ಒಡೆದಿತ್ತು. ಶುಚಿ ಮಾಡಿದೀವಿ. ಕೆಲವು ದಿನ ಇಲ್ಲೇ ಇರಬೇಕಾಗುತ್ತೆ, ಆದ್ರೆ ಮಗು ಉಳೀತು." ಸೊಸೆ ಗಂಡನತ್ತ ತಿರುಗಿದಳು. ಗಂಡ ಅವಳನ್ನು ಹಿಡಿದುಕೊಂಡ.

"ನೋವು ನಿಂತ ಮೇಲೆ ಕೆಲವರು ಬರೋದೇ ಇಲ್ಲ," ಎಂದರು ಸರ್ಜನ್. "ಕರ್ಕೊಂಡು ಬರಬೇಕು ಅಂತ ಯಾರಿಗೆ ಹೊಳೀತು?"

"ನಮ್ಮತ್ತೆಗೆ," ಎಂದಳು ಸೊಸೆ.

ಆ ಮಾತು ಕೇಳಿದ್ದೇ ಅತ್ತೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಮಗನನ್ನು ಮಣ್ಣು ಮಾಡಿದ ದಿನವೂ ಕಣ್ಣೀರು ಹಾಕದೆ ಸ್ತೋತ್ರ ಹೇಳಿದ್ದ ಆ ಹೆಂಗಸು, ಇಷ್ಟು ವರ್ಷಗಳ ಮೇಲೆ, ಜನ ಓಡಾಡುವ ಆಸ್ಪತ್ರೆಯ ಕಾರಿಡಾರಿನಲ್ಲಿ "ನನ್ನ ಕಂದಾ... ನನ್ನ ದೊಡ್ಡವನೇ!" ಎಂದು ಗಟ್ಟಿಯಾಗಿ ಅತ್ತರು. ಸೊಸೆ ಅವರ ಪಕ್ಕದಲ್ಲಿ ಏನೂ ಹೇಳದೆ ಕೂತಳು.